ಸರಿ ಅಂದನೋ, ಸಾಯಿ ಅಂದನೋ

ನನ್ನ ಗಂಟಲು ಒಂದು ಧರ್ಮಶಾಲೆ. ಭಾಲ್ಕಿ ಸ್ಟೇಷನ್ನಿನಲ್ಲಿ ಗಾಡಿ ತಡವಾಗಿದೆಯೆಂದು ವಿಷಾದಿಸುವ ಹೆಂಗಸು, ಬೀದರ–ಔರಾದ ಬಸ್ಸಿನ ಕಂಡಕ್ಟರು, ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಟ್ಯಾಂಕರ್ ಡ್ರೈವರು, ಎಲ್ಲರೂ ಅಲ್ಲಿ ಇಳಿದುಕೊಂಡಿದ್ದಾರೆ. ನನ್ನಪ್ಪ ಭಾಲ್ಕಿಯಲ್ಲಿ ಟೇಲರ್. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವನು ಅಳತೆ ಹೇಳುವುದನ್ನು ಗಿರಾಕಿಗಳ ಮುಂದೆಯೇ ಮಾಡಿ ತೋರಿಸಿದ್ದೆ. ಅಪ್ಪ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟು, "ಎಲ್ಲಾರ ದನಿ ಅದ ನಿನ್ನ ಬಲ್ಲಿ. ನಿಂದೊಂದ ಎಲ್ಲಿ ಇಟ್ಟಿ?" ಎಂದ. ಅದೇ ಮಾತನ್ನು ಅವನ ದನಿಯಲ್ಲೇ ಅವನಿಗೆ ತಿರುಗಿಸಿ ಹೇಳಿದೆ. ಗಿರಾಕಿಗಳು ನಕ್ಕರು. ಅಪ್ಪ ಮತ್ತೆ ಪಿನ್ನು ಕಚ್ಚಿಕೊಂಡ.

ಇಂಥವನು ಬೀದರಿಗೆ ಹೋಗಿ ಅಪರಾಧ ಮತ್ತು ನ್ಯಾಯದ ಪಾಠಕ್ಕೆ ಸೇರಿಕೊಂಡೆ. ಯಾಕೆ ಅಂತ ಕೇಳಬೇಡಿ. ಆ ವರ್ಷಗಳಲ್ಲಿ ಮೋಡಗಳು ಟಿಕೆಟ್ ಇಲ್ಲದ ಪ್ರಯಾಣಿಕರ ಹಾಗೆ ನಮ್ಮ ಜಿಲ್ಲೆಯಲ್ಲಿ ಇಳಿಯದೆಯೇ ಮುಂದಕ್ಕೆ ಹೋಗುತ್ತಿದ್ದವು. ನನ್ನ ಓರಗೆಯವರು ಭಾಲ್ಕಿ ಸ್ಟೇಷನ್ನಿನಿಂದ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋದರು. ನನಗೆ ಸಿಮೆಂಟು ಹೊರುವುದಕ್ಕಿಂತ ಪುಸ್ತಕ ಹೊರುವುದು ಹಗುರ ಅನ್ನಿಸಿತು, ಅಷ್ಟೇ.

ನಮಗೆ ಕಲಿಸುತ್ತಿದ್ದ ಮೇಡಂ ಮೈಸೂರಿನವರು. ಅವರು ಬೈದರೂ ಯಾರೋ ಪಾಯಸ ಬಡಿಸಿದಂತೆ ಕೇಳಿಸುತ್ತಿತ್ತು. "ಪೊಲೀಸು ಕೇಳೋದು ಯಾರು ಮಾಡಿದ, ಯಾವ ಕಲಮು, ಎಷ್ಟು ಶಿಕ್ಷೆ ಅಂತ. ನಾವು ಕೇಳಬೇಕಾದ್ದು ಯಾರಿಗೆ ನೋವಾಯ್ತು, ಅವರಿಗೆ ಈಗ ಏನು ಬೇಕು, ಅದನ್ನ ಕೊಡೋ ಹೊಣೆ ಯಾರದು ಅಂತ ಕಣ್ರೋ," ಎನ್ನುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಪುನಃಸ್ಥಾಪಕ ನ್ಯಾಯ ಎಂಬ ಹೆಸರು. ನಮ್ಮ ಹಾಸ್ಟೆಲಿನಲ್ಲಿ ಅದಕ್ಕೆ 'ಪಾಯಸ ನ್ಯಾಯ' ಎಂಬ ಹೆಸರು. ಇಟ್ಟವನು ಯಾರೆಂದು ಹೇಳಬೇಕಾಗಿಲ್ಲ.

ನೋಯಿಸಿದವನು ಮತ್ತು ನೊಂದವರು ದುಂಡಗೆ ಒಂದೇ ಸುತ್ತಿನಲ್ಲಿ ಕೂಡಬೇಕು, ಕೈಯಲ್ಲಿ ಒಂದು ವಸ್ತು ಹಿಡಿದವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು ಎಂದು ಮೇಡಂ ವಿವರಿಸಿದರು. ಆ ವಸ್ತುವೆಂದು ತಮ್ಮ ಕೋಣೆಯಿಂದ ಒಂದು ಹಿತ್ತಾಳೆ ತಂಬಿಗೆ ತಂದರು.

ಹಿಂದಿನ ಬೆಂಚಿನವನು ಎದ್ದು ನಿಂತ. "ಮೇಡಂ, ತಂಬಿಗಿ ಹಿಡ್ದವ್ರು ನಮ್ಮ ಕಡಿ ಮಾತಾಡಂಗಿಲ್ಲರಿ."

"ಯಾಕಪ್ಪಾ?"

"ಅವ್ರು ಹೊಲದ ಕಡಿ ಹೊಂಟಿರ್ತಾರ್ರಿ. ಎದುರಿಗಿ ಬಂದವ್ರೂ ಮಾತಾಡ್ಸಂಗಿಲ್ಲ. ಮಾರಿ ತಿರುವಿಕೊಂಡು ಹೋಗ್ತಾರ."

ಮೇಡಂ ಕೆಂಪಾದರು. ಆದರೂ ತಂಬಿಗೆಯನ್ನು ಬದಲಿಸಲಿಲ್ಲ. ನೀರಿಲ್ಲದ ಆ ದಿನಗಳಲ್ಲಿ ಅದು ಹೇಗಿದ್ದರೂ ಖಾಲಿಯೇ ಇರುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಗೆ ಇಬ್ಬಿಬ್ಬರು ಸೇರಿ ನಿಜವಾದ ಒಂದು ಪ್ರಕರಣ ಹಿಡಿದು, ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಕಂಡು, ಕೊನೆಗೆ ಒಂದು ಸುತ್ತು ಕೂಡಿಸಬೇಕಿತ್ತು. ನನ್ನ ಜೊತೆಗೆ ಬಿದ್ದವಳು ಜನವಾಡದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಅವಳು ಬರೆದುಕೊಳ್ಳುತ್ತಿದ್ದಳು. ನಾನು ಮಾತಾಡುತ್ತಿದ್ದೆ. ನಮಗೆ ಸಿಕ್ಕದ್ದು ಔರಾದ ತಾಲೂಕಿನ ಒಂದು ಊರಿನ ಕೊಡದ ಕೇಸು.

ಆ ಊರಿಗೆ ದಿನ ಬಿಟ್ಟು ದಿನ ನೀರಿನ ಟ್ಯಾಂಕರು ಬರುತ್ತಿತ್ತು. ಬಂದಾಗ ಗದ್ದಲ. ಒಬ್ಬ ಟ್ಯಾಂಕರಿನ ಮೇಲೆ ಹತ್ತಿ ನಿಂತರೆ ಕೆಳಗಿನವನು ಅವನಿಗೆ ಕೊಡ ಎಸೆಯುತ್ತಾನೆ, ಅವನು ಟ್ಯಾಂಕರಿನ ಮೇಲಿನ ಬಾಯಿಯಿಂದಲೇ ತುಂಬಿ ಇಳಿಸುತ್ತಾನೆ. ಹಾಗೆ ಒಂದು ದಿನ ಪಾಳಿಯ ಜಗಳ ನಡೆಯುತ್ತಿದ್ದಾಗ, ನನ್ನದೇ ವಯಸ್ಸಿನ ಒಬ್ಬನ ಕೈಯಿಂದ ಹಾರಿದ ಸ್ಟೀಲಿನ ಕೊಡ ನೆರೆಮನೆಯ ಹೆಂಗಸಿನ ಎಡಗಿವಿಗೆ ಬಿತ್ತು. ಆ ಕಿವಿ ಹೋಯಿತು. ಪೊಲೀಸರು ಕೇಸು ಹಾಕಿದರು.

ಕೊಡ ಎಸೆಯುವಾಗ ಅವನು ಏನೋ ಕೂಗಿದ್ದ. ಪಾಳಿಯಲ್ಲಿದ್ದವರೆಲ್ಲ ಅವನು 'ಸರಿ' ಎಂದ ಎಂದರು. ಸರಿ ಅಂದರೆ ಪಕ್ಕಕ್ಕೆ ಹೋಗು. ಅಂದರೆ ಕೊಡವನ್ನು ಮೇಲಿದ್ದ ಅಣ್ಣನಿಗೆ ಎಸೆದ, ಎಚ್ಚರಿಸಿಯೇ ಎಸೆದ, ಅವಳು ಸರಿಯಲಿಲ್ಲ. ಅವಳಿಗೆ ಮಾತ್ರ 'ಸಾ' ಎಂಬಷ್ಟು ಕೇಳಿಸಿತ್ತು. ಆಮೇಲೆ ಏನೂ ಕೇಳಿಸಲಿಲ್ಲ. ಸಾಯಿ ಅಂದಿದ್ದರೆ ಎಸೆದದ್ದು ಅವಳ ಮೇಲೆಯೇ. ಪೊಲೀಸಪ್ಪ ಈ ಗೊಂದಲಕ್ಕೆ ಹೋಗಲೇ ಇಲ್ಲ. ಎಲ್ಲ ಕೇಸಿನಲ್ಲೂ ಬರೆಯುವ ಹಾಗೆ 'ಅವಾಚ್ಯ ಶಬ್ದಗಳಿಂದ ಬೈದು' ಎಂದು ಬರೆದು ಮುಗಿಸಿದ್ದ. ವಾಚ್ಯವಾದ ಶಬ್ದವೊಂದೇ ಬೇಕಾಗಿತ್ತು, ಅದೊಂದೇ ಇರಲಿಲ್ಲ.

ನಾವು ಮೊದಲ ಸಲ ಹೋದಾಗ ಆ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ನಲವತ್ತರ ಆಸುಪಾಸು. ಮಾತಾಡಿಸಿದರೆ ಕೋಳಿಯ ಹಾಗೆ ತಟ್ಟನೆ ತಲೆ ತಿರುಗಿಸಿ ಬಲಗಿವಿ ಮುಂದೆ ಮಾಡಿ "ಹ್ಞಾಂ?" ಎನ್ನುತ್ತಿದ್ದಳು. ನಿಮಗೆ ಏನು ಬೇಕು ಕಾಕಿ, ಎಂದು ಪುಸ್ತಕದ ಪ್ರಶ್ನೆಯನ್ನು ಕೇಳಿದೆ.

"ನಂಗ ಅಂವನ ಜೇಲು ಬ್ಯಾಡ, ದವಾಖಾನಿ ಖರ್ಚೂ ಬ್ಯಾಡ," ಎಂದಳು. "ಅಂವ ಏನಂದ, ಅಷ್ಟ ಬೇಕು. ಊರಾಗ ನಾನೇ ಸುಳ್ಳಿ ಆಗೀನಿ. 'ಸರಿ ಅಂದ್ರ ಸರೀಲಿಲ್ಲ, ಈಗ ಸಾಯಿ ಅಂದ ಅಂತಾಳ' ಅಂತಾರ. ನನ್ನ ಗಂಡನೂ ಅದೇ ಅಂತಾನ. ಒಂದ ಕಿವಿ ಹೋದ್ರ ಹೋಯ್ತು, ನಾ ಕೇಳಿದ್ದು ಖರೇ ಹೌದೋ ಅಲ್ಲೋ, ಅಂವನ ಬಾಯಿಲೆ ಬರಲಿ."

ಅವನನ್ನು ಔರಾದ ಬಸ್‌ಸ್ಟ್ಯಾಂಡಿನಲ್ಲಿ ಕಂಡೆವು. ಮಾತಿಗೆ ಮೊದಲು ಒಂದು ಸಲ ಮೂಗೆಳೆಯುತ್ತಿದ್ದ. ಎರಡು ಮಾತಿಗೊಮ್ಮೆ 'ಹ್ಯಾಂಗಂದ್ರ' ಎನ್ನುತ್ತಿದ್ದ. ದನಿ ಮೂಗಿನಿಂದ ಬರುತ್ತಿತ್ತು. ನಾನು ಅವನ ಕಷ್ಟ ಕೇಳುತ್ತಿದ್ದೆನೋ ದನಿಯ ಅಳತೆ ತೆಗೆಯುತ್ತಿದ್ದೆನೋ, ದೇವರಿಗೇ ಗೊತ್ತು. ಟೇಲರನ ಮಗ.

"ಸುತ್ತಿಗಿ ಬಂದು ಕೂಡ್ತೇನಿ," ಎಂದು ಒಪ್ಪಿಕೊಂಡ.

"ಏನಂದಿದ್ದಿ ಅವತ್ತು?" ಎಂದೆ.

ಮೂಗೆಳೆದ. "ಹ್ಯಾಂಗಂದ್ರ, ಅದು ಕಾಕಿ ಮುಂದ ಹೇಳೂದು ಅದ. ನಿಂಗ್ಯಾಕ ಹೇಳಲಿ? ಕೊಡ ನಿನ್ನ ಕಿವಿಗಿ ಬಿದ್ದದೇನು?"

ಹಾಸ್ಟೆಲಿಗೆ ಬಂದವನೇ ಇಬ್ಬರನ್ನೂ ಆಡಿ ತೋರಿಸಿದೆ. ಮೂಗೆಳೆತಕ್ಕೆ ಒಳ್ಳೆಯ ನಗು ಬಂತು. ಕೋಳಿಯ ತಲೆಗೆ, ಆ "ಹ್ಞಾಂ?"ಗೆ, ಇನ್ನೂ ದೊಡ್ಡ ನಗು. ಒಬ್ಬ ನಕ್ಕು ನಕ್ಕು ಮಂಚದಿಂದ ಬಿದ್ದ. ಆ ವಾರ ಹಾಸ್ಟೆಲಿನಲ್ಲಿ ಯಾರನ್ನು ಕರೆದರೂ ತಲೆ ಕೊಂಕಿಸಿ "ಹ್ಞಾಂ?" ಎನ್ನುತ್ತಿದ್ದರು. ಕ್ಲಾಸಿನಲ್ಲಿ ನಮ್ಮ ಸುತ್ತಿನ ತಾಲೀಮು ನಡೆದಾಗ ನಾನು ಅವನ ಪಾತ್ರ ಮಾಡಿದೆ. ಮೇಡಂ ಕಣ್ಣೊರೆಸಿಕೊಂಡು, "ಅವನೇ ಬಂದು ಕೂತ ಹಾಗಿತ್ತು ಕಣೋ," ಎಂದರು. ಆ ಹೊಗಳಿಕೆ ನನ್ನ ತಲೆಯಲ್ಲಿ ಕೂತಿತು.

ಸುತ್ತಿಗೆ ವಾರವಿದೆ ಅನ್ನುವಾಗ ಗುಳೆಗೆ ಕೂಲಿಗಳನ್ನು ಒಯ್ಯುವ ಮುಕಾದಮ ಬಂದು ಅವನ ಗುಂಪನ್ನು ಭಾಲ್ಕಿಯಿಂದ ಗಾಡಿ ಹತ್ತಿಸಿ ಹೈದರಾಬಾದಿನ ಕಡೆಗೆ ಒಯ್ದ. ಹೋಗುವಾಗ ಅವನು ನನಗೆ ಫೋನು ಮಾಡಿ, "ಬಂದ ಮ್ಯಾಲ ಕೂಡ್ತೇನಿ, ಕಾಕಿಗಿ ಹೇಳು," ಎಂದಿದ್ದ. ಆಮೇಲೆ ಫೋನು ಬಂದ್. ಈ ಕಡೆ ಹೊರಗಿನ ಪರೀಕ್ಷಕರು ಬರುವ ದಿನ ಗೊತ್ತಾಗಿತ್ತು. ಇಬ್ಬರೂ ಒಪ್ಪಿದರೆ ರಾಜಿ ಮಾಡಿಕೊಳ್ಳಬಹುದೆಂದು ಕೋರ್ಟು ಕೊಟ್ಟ ದಿನವೂ ಹತ್ತಿರವಿತ್ತು. ಅವನು ಸಿಗುತ್ತಿಲ್ಲ ಎಂದು ಮೇಡಂಗೆ ಹೇಳಬೇಕಾಗಿತ್ತು. "ಫೋನಿನ್ಯಾಗ ಸಿಗ್ತಾನ್ರಿ ಮೇಡಂ," ಎಂದೆ.

ಊರಿನ ಸಾಲೆಯ ಕೋಣೆಯಲ್ಲಿ ಸುತ್ತು ಕೂತಿತು: ಆ ಹೆಂಗಸು, ಅವಳ ಗಂಡ, ಮೇಡಂ, ಪರೀಕ್ಷಕರು, ನನ್ನ ಜೊತೆಗಾತಿ. ನಡುವೆ ತಂಬಿಗೆ, ಅದರ ಪಕ್ಕಕ್ಕೆ ಮೇಡಂ ಫೋನು. "ಅಂವಂದು ಹತ್ತಲವಲ್ದುರಿ. ಹೊರಗ ಹೋಗಿ ಅಂವನ ಜೋಡಿ ಇದ್ದವ್ರಿಗಿ ಹಚ್ಚಿ, ಈ ಫೋನಿಗೇ ಮಾಡಸ್ತೇನಿ," ಎಂದು ಎದ್ದು ಹೋದೆ. ಸಾಲೆಯ ಹಿಂದೆ ಒಣಗಿದ ನೀರಿನ ಟಾಕಿ ಇತ್ತು. ಅದರ ಮರೆಯಲ್ಲಿ ನಿಂತು ಗೆಳೆಯನ ಸಿಮ್ಮಿನಿಂದ ಆ ಫೋನಿಗೆ ಹಚ್ಚಿದೆ. ಒಂದು ಸಲ ಮೂಗೆಳೆದೆ.

"ಕಾಕಿ, ನಾ ಮಾತಾಡ್ಲತ್ತೀನಿ."

"ಹ್ಞಾಂ?" ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದ್ದ ಫೋನನ್ನೂ ಅವಳು ಬಲಗಿವಿಗೆ ಒತ್ತಿಕೊಂಡದ್ದು ಉಸಿರಿನಿಂದಲೇ ತಿಳಿಯಿತು. ಆಮೇಲೆ, "ಊಟ ಆಯ್ತೇನಪಾ?"

ಇದು ತಾಲೀಮಿನಲ್ಲಿ ಇರಲಿಲ್ಲ. "ಆಯ್ತು ಕಾಕಿ," ಎಂದೆ.

"ನೀ ಅವತ್ತು ಏನಂದಿ? ಅಷ್ಟ ಹೇಳು. ಏನ ಅಂದಿದ್ರೂ ಮಾಫ್."

ಅಲ್ಲಿ ನನಗೆ ಎರಡು ಶಬ್ದ ಇದ್ದವು. ನಿಜ ಯಾವುದೆಂದು ನನಗೆ ಗೊತ್ತಿರಲಿಲ್ಲ. ಸಾಯಿ ಎಂದರೆ ಪರೀಕ್ಷಕರ ಮುಂದೆ ಸುತ್ತು ಹರಿದುಹೋಗುತ್ತದೆ. ಹಾಗಾಗಿ ಮೂಗೆಳೆದು, "ಹ್ಯಾಂಗಂದ್ರ, ಸರಿ ಅಂದಿದ್ದೆ ಕಾಕಿ. ನಿನ್ನ ಆಣಿ. ಸರಿ ಅಂತನೇ ಅಂದಿದ್ದೆ," ಎಂದೆ. ಕಡೆಯಲ್ಲಿ ಗಂಟಲನ್ನು ಸ್ವಲ್ಪ ನಡುಗಿಸಿದೆ. ಅದು ನನ್ನದೇ ಕಸೂತಿ.

ನಾನು ಒಳಗೆ ಬಂದಾಗ ಅವಳು ಅಳುತ್ತಿದ್ದಳು. ಗಂಡ ಸುತ್ತಲೂ ನೋಡಿ, "ನಾ ಹೇಳಿದ್ದಿಲ್ಲೇನು?" ಎಂದ. ಪರೀಕ್ಷಕರು ತಲೆದೂಗುತ್ತಿದ್ದರು. ನನ್ನ ಜೊತೆಗಾತಿ ಮಾತ್ರ ತಲೆ ಬಗ್ಗಿಸಿ ನೆಲ ನೋಡುತ್ತಿದ್ದಳು. ತಾಲೀಮಿನಲ್ಲಿ ಆ ಮೂಗೆಳೆತವನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಬೀದರಿಗೆ ಬರುವ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂಡಲಿಲ್ಲ. ಜನವಾಡದಲ್ಲಿ ಇಳಿಯುವಾಗ, "ಮಾರ್ಕ್ಸ್ ನಂಗೂ ಬರ್ತಾವ ಅಂತ ಗಪ್ ಕೂತೆ, ನಾಯಿ," ಎಂದಳು. ಯಾರಿಗೆ ಅಂದಳು ಎಂಬುದು ಸ್ಪಷ್ಟವಾಗಲಿಲ್ಲ. ನನಗೂ ಇರಬಹುದು, ಅವಳಿಗೂ ಇರಬಹುದು.

ಆ ಹೆಂಗಸು ಔರಾದ ಕೋರ್ಟಿಗೆ ಹೋಗಿ ರಾಜಿಗೆ ಹೆಬ್ಬೆಟ್ಟು ಒತ್ತಿದಳು. ಅವನ ಅಣ್ಣನ ಹತ್ತಿರ ಅವನು ಸಹಿ ಮಾಡಿಟ್ಟುಹೋದ ಕಾಗದ ಮೊದಲೇ ಇತ್ತು. ಹೋಗುವ ಅವಸರದಲ್ಲಿ ಅಣ್ಣ ಹೇಳಿದಲ್ಲೆಲ್ಲ ಸಹಿ ಮಾಡಿದ್ದನಂತೆ. ಕೇಸು ಮುಗಿಯಿತು.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ನಿರಪರಾಧಿಯ ಮೇಲೆ ಸುಳ್ಳು ಹೇಳಿದೆನೆಂದು ಅವಳಿಗೆ ನಾಚಿಕೆಯಾಗಿತ್ತು. ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಅವನ ಮುದಿ ತಾಯಿಯ ಮನೆಗೆ ಹೋದಳು, ಮಾಫಿ ಕೇಳಿದಳು. ಕೇಸು ಮುಗಿದ ಮೇಲೆ ಅಣ್ಣನೂ ಗುಳೆ ಹೋದದ್ದರಿಂದ ಆ ಮನೆಗೆ ನೀರು ತರುವವರು ಯಾರೂ ಇಲ್ಲವೆಂದು, ಟ್ಯಾಂಕರು ಬಂದ ದಿನವೆಲ್ಲ ತನ್ನ ಪಾಳಿ ಮುಗಿದ ಮೇಲೆ ಮತ್ತೆ ಪಾಳಿಗೆ ನಿಂತು ಎರಡು ಕೊಡ ಆ ಮುದುಕಿಗೆ ಹೊತ್ತು ಹಾಕಿದಳು. ಪಾಳಿಯ ಹೆಂಗಸರು, "ಸುಳ್ಳಿ ಬಂದ್ಳು, ಸರೀರಿ, ಸರೀರಿ," ಎಂದು ದಾರಿ ಬಿಡುತ್ತಿದ್ದರಂತೆ.

ನಾನು ವರದಿಯಲ್ಲಿ ಇದನ್ನೆಲ್ಲ ಬರೆದೆ. 'ನೊಂದವರೇ ಸಮುದಾಯವನ್ನು ಕೂಡಿಸಲು ಮುಂದಾದ ಅಪರೂಪದ ಉದಾಹರಣೆ' ಎಂದು ಬರೆದೆ. ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು 'ಶಹಬ್ಬಾಸ್' ಎಂದು ಬರೆದರು. ತರಗತಿಗೇ ಹೆಚ್ಚು ಅಂಕ ನನಗೆ ಬಂತು.

ಮಿರ್ಗದ ಮಳೆಯಾದರೂ ಬಂದೀತೆಂದು ಗುಳೆ ಹೋದವರು ಬಿತ್ತಲು ಊರಿಗೆ ಮರಳಿದರು. ಮಳೆ ಬರಲಿಲ್ಲ, ಅವನು ಬಂದ. ಬಂದವನು ಚೀಲ ಇಳಿಸಿ ಮೊದಲು ಹೋದದ್ದು ಅವಳ ಮನೆಗೆ. ಹೊಸ್ತಿಲಲ್ಲೇ ಕಾಲು ಹಿಡಿದ.

"ಕಾಕಿ, ನಾ ಸಾಯಿ ಅಂದಿದ್ದೆ. ನಿನ್ನ ಮ್ಯಾಲೇ ಒಗದಿದ್ದೆ. ಸಿಟ್ಟಿನ್ಯಾಗ ಕಣ್ಣ ಕಾಣಲಿಲ್ಲ. ಅಲ್ಲಿ ಗಾರಿ ಹೊರೂವಾಗೆಲ್ಲ ಅದೇ ಕಿವಿಯಾಗ ಬಡೀತಿತ್ತು."

"ಫೋನಿನ್ಯಾಗ ಸರಿ ಅಂದಿದ್ದಿ ಅಂದಿ?"

"ಯಾವ ಫೋನು? ನನ್ನ ಫೋನು ಗಾಡಿಯಾಗೇ ಕಳೀತು ಕಾಕಿ."

ಅವಳು ಎದ್ದು ಒಳಗೆ ಹೋಗಿ ಒಂದು ತಾಸು ಬಾಗಿಲು ಹಾಕಿಕೊಂಡಳಂತೆ. ಆಮೇಲೆ ಬಸ್ಸು ಹತ್ತಿ ಬೀದರಿಗೆ ಬಂದು ಮೇಡಂ ಮುಂದೆ ನಿಂತಳು.

ಮೇಡಂ ನನ್ನನ್ನು ಕರೆಸಿದರು. "ಕಾಲೇಜಿಂದ ತೆಗೆದು ಹಾಕ್ರಿ ಮೇಡಂ, ಪೊಲೀಸ್ರಿಗಿ ಕೊಡ್ರಿ," ಎಂದೆ. ನಿಜವಾಗಿಯೂ ಅದೇ ಬೇಕಾಗಿತ್ತು.

"ಅದು ನಿನಗೆ ಸುಲಭ ಕಣೋ," ಎಂದರು. ಈ ಸಲ ಪಾಯಸ ಇರಲಿಲ್ಲ. "ಶಿಕ್ಷೆಯಿಂದ ಏನೂ ಕೂಡಿಬರೋದಿಲ್ಲ ಅಂತ ಪರೀಕ್ಷೆಯಲ್ಲಿ ಎಷ್ಟು ಪುಟ ಬರೆದೆ? ಹೋಗು, ಕೂತ್ಕೋ ಸುತ್ತಿನಲ್ಲಿ."

ಅದೇ ಸಾಲೆಯ ಕೋಣೆ. ಈ ಸಲ ಅವನೂ ಇದ್ದ, ನನ್ನ ಎದುರಿಗೆ. ತಂಬಿಗೆ ನನ್ನ ಕೈಗೆ ಬಂತು. ಬಾಯಿ ತೆರೆದೆ. "ಕಾಕಿ, ನಾನು ಮಾಡಿದ್ದು ತುಂಬಾ ತಪ್ಪು..."

"ಇದು ಮೇಡಮ್ಮಿನ ದನಿ," ಎಂದಳು.

ಮತ್ತೆ ಶುರು ಮಾಡಿದೆ. ಸಣ್ಣಗೆ, ತಡೆತಡೆದು ಬಂತು.

"ಇದು ಯಾರದೋ ಮುದುಕಂದು. ನಿಮ್ಮಪ್ಪಂದೇನು? ಬಾಯಾಗ ಏನರೆ ಕಚ್ಚಿಕೊಂಡು ಮಾತಾಡ್ತಾನೇನು ಅಂವ?"

ಒಂದೇ ಕಿವಿಯವಳು. ನನ್ನ ಧರ್ಮಶಾಲೆಯ ಒಬ್ಬೊಬ್ಬರನ್ನೂ ಕುತ್ತಿಗೆ ಹಿಡಿದು ಹೊರಗೆ ಹಾಕಿದಳು. ಕೊನೆಗೆ ನನ್ನ ಕೈಯಿಂದ ತಂಬಿಗೆ ಕಸಿದುಕೊಂಡಳು.

"ಇಂವ ನನ್ನ ಒಂದ ಕಿವಿ ತಗೊಂಡ," ಎಂದು ಅವನ ಕಡೆ ಕೈ ಮಾಡಿದಳು. "ನೀ ಉಳಿದ ಕಿವ್ಯಾಗ ಸುಳ್ಳ ತುಂಬಿದಿ. ಇಂವ ಸಿಟ್ಟಿನ್ಯಾಗ ಮಾಡಿದ. ನೀ ಮಾರ್ಕಿಗಿ ಮಾಡಿದಿ. ನಾ ಖರೇ ಹೇಳಿದಾಕಿ, ನಾನೇ ಹೋಗಿ ಮಾಫಿ ಕೇಳಿ ಬಂದೆ. ನನ್ನ ಬೆನ್ನ ಮ್ಯಾಲ ನೀರ ಹೊರಿಸಿದಿ."

"ಕೇಸು ಮತ್ತೆ ತೆಗೆಸೋಕಾಗುತ್ತಾ ಅಂತ ವಕೀಲರನ್ನ ಕೇಳಿದೆ," ಎಂದರು ಮೇಡಂ. "ರಾಜಿ ಆದ ಮೇಲೆ ಆಗಲ್ಲವಂತೆ."

"ಗೊತ್ತದರಿ. ನಾನೂ ಕೇಳೀನಿ," ಎಂದಳು.

ನಿಮಗೆ ಈಗ ಏನು ಬೇಕು ಎಂದು ಮೇಡಂ ಕೇಳಿದರು. ಪುಸ್ತಕದ ಅದೇ ಪ್ರಶ್ನೆ; ಆ ದಿನ ಅದರ ಹಲ್ಲು ನನಗೆ ಕಂಡಿತು. ಅವನು ಅವಳ ಮನೆಗೆ ನೀರಿನ ಕೊಡ ಹೊರಬೇಕು ಎಂದಳು. ಅವನು ಮೂಗೆಳೆದು ಹ್ಞೂಂ ಎಂದ. ಇನ್ನು ನಾನು.

"ನೀ ಟ್ಯಾಂಕರ್ ಬಂದ ದಿನ ಬಾ. ಪಾಳಿ ಮುಂದ ನಿಂತು, ನಾನೇ ಆ ಫೋನು ಮಾಡಿದ್ದೆ, ಈ ಹೆಣ್ಮಗಳು ಸುಳ್ಳಿ ಅಲ್ಲ, ನಾ ಸುಳ್ಳ ಅಂತ ಹೇಳು. ನಿನ್ನ ದನಿಲೆ ಹೇಳು. ಟ್ಯಾಂಕರ್ ಬರೂದು ನಿಂದ್ರೂ ತನಕ ಬಾ."

ಮೊದಲ ದಿನ ಹೋದೆ. ಪಾಳಿಯ ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಹತ್ತಿ ನಿಂತೆ. ನಾನು ಎಲ್ಲರ ದನಿ ತೆಗೆಯುತ್ತೇನೆಂಬ ಸುದ್ದಿ ಆ ಹೊತ್ತಿಗೆ ಊರಿಗೆ ತಲುಪಿತ್ತು. ಮೊದಲ ವಾಕ್ಯಕ್ಕೇ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡರು. ಟ್ಯಾಂಕರ್ ಡ್ರೈವರು ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಅರೆ ಮಿಯಾಂ, ಯೇ ನಕ್ಕೋ. ಕಂಡಕ್ಟರ್ ಕಾ ಆವಾಜ್ ನಿಕಾಲೊ ಬಾ," ಎಂದ; ಇದು ಬೇಡ, ಕಂಡಕ್ಟರನ ದನಿ ತೆಗಿ ಅಂತ. "ಖರೇ ಹೇಳ್ಲತ್ತೀನ್ರಿ, ಆ ಫೋನು ನಾನೇ ಮಾಡಿದ್ದೆ," ಎಂದು ಕೂಗಿದೆ. ನಗು ಹೆಚ್ಚಾಯಿತು. "ಏ, ಥೇಟ್ ಅಳೂ ಮಂದಿ ಹಂಗೇ ಮಾಡ್ತಾನ ನೋಡ್ರೇ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ನಾನು ನಿಜವಾಗಿಯೂ ಅಳುತ್ತಿದ್ದೆ. ಯಾರ ದನಿಯಲ್ಲಿ ಎಂದು ನನಗೇ ತಿಳಿಯಲಿಲ್ಲ.

ನಕ್ಕವರು ಆಮೇಲೆ ಅವಳ ಕಡೆ ತಿರುಗಿ, "ಸುಳ್ಳಿ ತನ್ನ ಸಾಕ್ಷಿಗಿ ನಾಟಕದಂವನ್ನ ಕರಸ್ಯಾಳ," ಎಂದರು. ಅವನು ಕೊಡ ಹೊತ್ತು ಹೋಗುತ್ತ, ತಾನು ಸಾಯಿ ಅಂದದ್ದು ಖರೇ ಎಂದು ಹೇಳಿದರೂ, "ಇದೂ ಅಕಿ ಮಾಡ್ಸಿದ್ದೇ," ಎಂದರು. ಅವಳ ಹೆಸರನ್ನು ತೊಳೆಯಲು ಹೋಗಿ ಇನ್ನೊಂದು ಪದರ ಕೆಸರು ಮೆತ್ತಿ ಬಂದೆ.

ಎರಡನೆಯ ಸಲ, ಮೂರನೆಯ ಸಲ ನಗು ಕಡಿಮೆಯಾಯಿತು. ಆಮೇಲೆ ಯಾರೂ ನಗಲಿಲ್ಲ, ಕೇಳಲೂ ಇಲ್ಲ. ಪೈಪಿಗೆ ಕೊಡ ಹಿಡಿದು ಪಾಳಿಯ ಜಗಳ ಆಡಿಕೊಂಡಿದ್ದರು. ನಾನು ಕಲ್ಲಿನ ಮೇಲೆ ನಿಂತು ಗಾಳಿಗೆ ಹೇಳಿ ಇಳಿಯುತ್ತಿದ್ದೆ. ಒಬ್ಬ ಮುದುಕಿ ಮಾತ್ರ, ಅವನ ತಾಯಿ, ಒಂದು ದಿನ ನನ್ನ ಮುಂದೆ ನಿಂತು ಪೂರ್ತಿ ಕೇಳಿದಳು. ಕೇಳಿ, ಉಗುಳಿ ಹೋದಳು. ನನ್ನ ಮಾತು ನಂಬಿದವಳು ಅವಳೊಬ್ಬಳೇ.

ಆ ದಿನ ನೀರು ಹಿಡಿದಾದ ಮೇಲೆ ಆ ಹೆಂಗಸು ತನ್ನ ಖಾಲಿ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ಕಲ್ಲಿನ ಹತ್ತಿರ ಬಂದಳು. ತಲೆಯನ್ನು ಆ ತಟ್ಟನೆಯ ರೀತಿಯಲ್ಲಿ ತಿರುಗಿಸಿದಳು. ಆದರೆ ಬೇರೆ ಕಡೆಗೆ. ಕೊಡ ಬಿದ್ದ ಎಡಗಿವಿ ನನ್ನ ಬಾಯಿಯ ಹತ್ತಿರ ಬಂತು.

"ಹೇಳು," ಎಂದಳು.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಟಾಕಿಯ ಮರೆ, ಗೆಳೆಯನ ಸಿಮ್ಮು, ಗಂಟಲಿನ ಆ ಸುಳ್ಳು ನಡುಕ, ಹಾಸ್ಟೆಲಿನಲ್ಲಿ ಅವಳ ತಲೆ ಕೊಂಕಿಸಿ ತೋರಿಸಿದ್ದು, ಅದನ್ನೂ ಬಿಡದೆ. ಅವಳು ಕದಲದೆ ನಿಂತಿದ್ದಳು. ಮುಗಿಯಿತೆಂದು ನನ್ನ ತುಟಿ ನೋಡಿ ತಿಳಿದುಕೊಂಡಳು.

"ಏನೂ ಕೇಳಿಸ್ಲಿಲ್ಲ," ಎಂದಳು. "ನಾಡಿದ್ದ ಬಾ."